ಅಕ್ಕೋರು ಗಾಡಿ ಹತ್ತಿಸಿದ ಹೆಣ್ಣುಮಗಳು

ಅಕ್ಕೋರು ತೀರಿಕೊಂಡ ಮೇಲೆ ರಾಯಚೂರಿನಲ್ಲಿ ಒಂದು ಸಭೆ ನಡೆಯಿತು. ಮಾತಾಡಿದವರೆಲ್ಲ ಅವರನ್ನು ‘ಈ ನೆಲದ ಗಟ್ಟಿ ದನಿ’ ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ. ಪಕ್ಕದಲ್ಲಿದ್ದವರು ನಾನು ಅಳುತ್ತಿದ್ದೇನೆ ಅಂದುಕೊಂಡು ನೀರಿನ ಬಾಟಲಿ ಕೊಟ್ಟರು. ಗಟ್ಟಿ ದನಿಯಂತೆ! ದೇವದುರ್ಗದ ಹೈಸ್ಕೂಲಿನಲ್ಲಿ ಅಕ್ಕೋರು ಕನ್ನಡ ಪಾಠ ಮಾಡಿದರೆ ನಡುವಿನ ಬೆಂಚಿಗೂ ಕೇಳುತ್ತಿರಲಿಲ್ಲ. ಹಿಂದಿನ ಹುಡುಗಿಯರು ಎದ್ದು ಬಂದು ಅವರ ಕುರ್ಚಿಯ ಸುತ್ತ ನೆಲದ ಮೇಲೆ ಕೂತುಬಿಡುತ್ತಿದ್ದರು. ತಪಾಸಣೆಗೆ ಬಂದ ಸಾಹೇಬರೊಬ್ಬರು ಬಾಗಿಲಲ್ಲಿ ನಿಂತು, “ಇದೇನ್ರಿ, ಕ್ಲಾಸೋ ಭಜನಿನೋ?” ಎಂದು ಕೇಳಿದ್ದರು. ಅಕ್ಕೋರು ಅವರಿಗೂ ಏನೋ ಉತ್ತರ ಕೊಟ್ಟರು. ಅದೂ ಅವರಿಗೆ ಕೇಳಿಸಲಿಲ್ಲ.

ಶಾಲೆಯ ಟೀಚರಮ್ಮನನ್ನು ನಾವು ಅಕ್ಕೋರು ಅನ್ನುತ್ತೇವೆ. ಇವರ ಹೆಸರು ನಾನು ಹೇಳುವುದಿಲ್ಲ, ಊರಿನ ಹೆಸರುಗಳನ್ನೂ ಅಲ್ಲಲ್ಲಿ ಬದಲಿಸಿದ್ದೇನೆ. ಇವರ ಕಥೆ ಹೇಳಲು ಹೋದರೆ ಇನ್ನೊಬ್ಬ ಹೆಂಗಸಿನ ಗುಟ್ಟೂ ಜೊತೆಗೇ ಬರುತ್ತದೆ, ಆಕೆಯ ಗುರುತು ಹತ್ತುವುದು ನನಗೆ ಬೇಕಿಲ್ಲ. ಅಕ್ಕೋರು ಕಥೆ ಬರೆಯುತ್ತಿದ್ದರು, ನಾನು ಅದೇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಇಷ್ಟು ಸಾಕು.

ನನಗೂ ಕಥೆಗೂ ಮೊದಲಿನಿಂದ ಆಗಿಬರುವುದಿಲ್ಲ. ನಡೆಯದೇ ಇದ್ದದ್ದನ್ನು ನಡೆಯಿತು ಅಂತ ಬರೆಯುವುದು, ಅದನ್ನು ಓದಿ ಮಂದಿ ಅಳುವುದು, ಇದೆಲ್ಲ ಕೆಲಸವಿಲ್ಲದವರ ಕೆಲಸ ಎಂದು ತಿಳಿದವಳು ನಾನು. ಅಂಥ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲೇ ಅಕ್ಕೋರ ಕೈಗೆ ಸಿಕ್ಕಿಬಿದ್ದೆ. ಸ್ಟಾಫ್ ರೂಮಿನಲ್ಲಿ ಊಟಕ್ಕೆ ಕೂತಾಗ, ಎಲ್ಲರೂ ಕೇಳುವಂತೆ ನಾನೂ ಕೇಳಿದೆ: “ಮನ್ಯಾಗ ಎಲ್ಲಾರೂ ಆರಾಮ ಅದಾರೇನ್ರಿ?”

“ಎಲ್ಲಾರೂ ಆರಾಮ ಅದಾರವಾ. ಬಸವ್ವಗ ಮಾತ್ರ ಊಟ ಸೇರವಲ್ದು” ಎಂದರು. ಮುಖ ನಿಜಕ್ಕೂ ಬಾಡಿತ್ತು.

ಪಾಪ, ಯಾರೋ ಮುದುಕಿ ಅತ್ತೆ ಇರಬೇಕು ಅಂದುಕೊಂಡೆ. ಮರುದಿನ ನಮ್ಮವ್ವ ಹಾಕಿದ ಲಿಂಬಿ ಉಪ್ಪಿನಕಾಯಿ ಒಂದು ಬಾಟಲಿ ತಂದುಕೊಟ್ಟು, “ಇದನ್ನ ಹಚ್ಚಿ ಉಣಸ್ರಿ, ಬಾಯಿ ರುಚಿ ಬರ್ತದ” ಅಂದೆ. ಅಕ್ಕೋರು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ತೆಗೆದುಕೊಂಡರು. ಕೆಲವು ದಿನ ಬಿಟ್ಟು ನನ್ನನ್ನು ಕರೆದು, “ಉಂಡ್ಲು ನೋಡವಾ, ನಿನ್ನ ಉಪ್ಪಿನಕಾಯಿ ಹಚಕೊಂಡು ಅನ್ನ ಉಂಡ್ಲು” ಎಂದರು. ಕೂತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಬಸವ್ವ ಅಕ್ಕೋರ ಅರ್ಧ ಬರೆದ ಕಥೆಯೊಳಗಿನ ಮುದುಕಿ! ಕಥೆ ಅಚ್ಚಾಗಿ ಬಂದಾಗ ನೋಡಿದರೆ, ಮಗ ಸತ್ತ ದುಃಖದಲ್ಲಿ ಊಟ ಬಿಟ್ಟ ಆ ಮುದುಕಿ ಕೊನೆಗೆ ನೆರೆಮನೆಯವರು ಕೊಟ್ಟ ಲಿಂಬಿ ಉಪ್ಪಿನಕಾಯಿ ನೆಕ್ಕಿ ಒಂದು ತುತ್ತು ಉಣ್ಣುತ್ತಾಳೆ. ನಮ್ಮವ್ವನ ಉಪ್ಪಿನಕಾಯಿ ಸಾಹಿತ್ಯಕ್ಕೆ ಸೇರಿದ್ದು ಹೀಗೆ. ನನಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳುತ್ತೇನೆ. ಆದರೆ ಆ ಮೇಲೆ ವಾರಕ್ಕೊಮ್ಮೆ ನಾನೇ ಕೇಳತೊಡಗಿದೆ, ಬಸವ್ವ ಹೆಂಗದಾಳ್ರಿ ಅಂತ.

ಅವರ ಕೆಲಸದ ರೀತಿಯೇ ಬೇರೆ. ಕಥೆ ಯಾರಿಂದ ಹುಟ್ಟಿತೋ ಅವರಿಗೆ ಮೊದಲು ಕೇಳಿಸಬೇಕು, ಅವರು ಹೂಂ ಅಂದರೆ ಮಾತ್ರ ಅಚ್ಚಿಗೆ. ಇದನ್ನು ಅವರು ‘ಕೇಳಿಸಿ ಕೊಡೋದು’ ಅನ್ನುತ್ತಿದ್ದರು. ಹಿಟ್ಟಿನ ಗಿರಣಿಯವನ ಮೇಲೆ ಬರೆದ ಕಥೆಯನ್ನು ಓದಲು ಹೋದಾಗ ನಾನೂ ಜೊತೆಗಿದ್ದೆ. ಆತ ಗಿರಣಿ ಬಂದ್ ಮಾಡಿ, ತಲೆಯ ಮೇಲಿನ ಹಿಟ್ಟು ಝಾಡಿಸಿಕೊಂಡು ಕೇಳಿದ. ಕಥೆಯಲ್ಲಿ ಅವನನ್ನು ಕುಡುಕನಾಗಿ ಮಾಡಿದ್ದರು, ಹೆಂಡತಿ ಬಿಟ್ಟುಹೋಗಿದ್ದಳು. ಅದಕ್ಕೆಲ್ಲ ತಲೆಯಾಡಿಸಿದ. ಕೊನೆಗೆ ಮಾತ್ರ ಮುಖ ಗಂಟು ಹಾಕಿಕೊಂಡು, “ಎಲ್ಲಾ ಖರೇ ಅದರೀ ಅಕ್ಕೋರೆ. ಆದ್ರ ಬೆಲ್ಟು ಹರದು ಗಿರಣಿ ನಿಂತಿತ್ತು ಅಂತ ಬರದೀರಲ್ಲ, ನನ್ನ ಗಿರಣಿ ಯಾವತ್ತು ನಿಂತಿತ್ರೀ?” ಎಂದ. ಅಕ್ಕೋರು ಅಲ್ಲೇ ಕೂತು ಬೆಲ್ಟು ಸರಿಮಾಡಿದರು. ಕುರ್ಡಿ ಊರಿನ ಹೆಂಗಸೊಬ್ಬಳು “ಬ್ಯಾಡ್ರಿ, ನಮ್ಮ ಮನ್ಯಾವ್ರು ಓದಿದ್ರ ರಂಪಾಟ ಆಕ್ಕತಿ” ಅಂದಾಗ, ಆ ಕಥೆಯನ್ನು ಅವಳ ಎದುರಿಗೇ ಹರಿದು ಅವಳ ಒಲೆಗೇ ಹಾಕಿದರು. ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತರು.

ಆದರೆ ಒಂದು ವಿಷಯದಲ್ಲಿ ಮಹಾ ಹಟಮಾರಿ. ಕಥೆಯ ಕೊನೆಯನ್ನು ಯಾರ ಮಾತಿಗೂ ಬದಲಿಸುತ್ತಿರಲಿಲ್ಲ. “ಬೆಲ್ಟು ಹಾಕು ಅಂದ್ರ ಹಾಕ್ತೀನಿ, ಸೀರಿ ಬಣ್ಣ ಬದಲ್ ಮಾಡು ಅಂದ್ರ ಮಾಡ್ತೀನಿ. ಎಲ್ಲಿ ಮುಗೀಬೇಕು ಅನ್ನೋದನ್ನ ಮಾತ್ರ ಕಥಿ ಹೇಳಬೇಕು. ನಾನೂ ಅಲ್ಲ, ನೀನೂ ಅಲ್ಲ” ಅನ್ನುತ್ತಿದ್ದರು. ಒಬ್ಬ ಸಂಪಾದಕರು ಕೊನೆಯ ಪುಟ ತಿದ್ದಿದರೆಂದು ಆ ಪತ್ರಿಕೆಗೆ ಬರೆಯುವುದನ್ನೇ ನಿಲ್ಲಿಸಿದ್ದರು.

ನಾನು ರಾಯಚೂರಿಗೆ ವರ್ಗವಾಗಿ ಬಂದಿದ್ದೆ. ನಿವೃತ್ತಿಯಾದ ಮೇಲೆ ಅಕ್ಕೋರೂ ಅಲ್ಲಿಗೇ ಬಂದು ನಮ್ಮ ಓಣಿಯಲ್ಲೇ ಮನೆ ಮಾಡಿದರು. ಶುಗರಿನಿಂದ ಕಣ್ಣು ಹೋಗುತ್ತ ಬಂತು. ಅದೇ ಹೊತ್ತಿಗೆ ಊರಿನ ಪ್ರಕಾಶಕರೊಬ್ಬರು, “ನಿಮಗ ಇಷ್ಟ ಆದ ಕಥಿ ನೀವೇ ಆರಿಸಿಕೊಡ್ರಿ, ಒಂದು ಪುಸ್ತಕ ಮಾಡೂಣು” ಎಂದರು. ಆರಿಸಬೇಕಾದರೆ ಓದಬೇಕು, ಓದಲು ಕಣ್ಣಿಲ್ಲ. ಹೀಗಾಗಿ ಕಥೆಯೆಂದರೆ ಮೂಗು ಮುರಿಯುತ್ತಿದ್ದ ನಾನು ಒಂದು ಬೇಸಿಗೆಯಿಡೀ ಅವರ ಮನೆಯ ಕೂಲರಿನ ಮುಂದೆ ಕೂತು ಅವರದೇ ಕಥೆಗಳನ್ನು ಅವರಿಗೆ ಓದಿ ಹೇಳಬೇಕಾಯಿತು.

ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಮನೆಗೆ ಬಂದ ನೆಂಟರನ್ನು ಮಾತಾಡಿಸುವಂತೆ ತಮ್ಮ ಪಾತ್ರಗಳ ಜೊತೆ ಮಾತಾಡುತ್ತಿದ್ದರು. “ಈಕಿ ಭಾಳ ಮಾತಾಡ್ತಾಳ, ಈಕಿ ಬ್ಯಾಡ” ಅಂತ ಒಂದನ್ನು ಬದಿಗಿಡಿಸಿದರು. ಪಠ್ಯಪುಸ್ತಕಕ್ಕೆ ಸೇರಿ ಹೆಸರಾದ ಕಥೆಯನ್ನು ನಾಲ್ಕು ಸಾಲಿಗೇ ನಿಲ್ಲಿಸಿ, “ಸಾಕವಾ. ಇದು ಎಲ್ಲಾರಿಗೂ ಕೈ ಮುಗಕೋತ ನಿಂತದ. ನಾ ಬರೆಯೂ ಮುಂದನ ಇದಕ್ಕ ಬಹುಮಾನದ ಆಸಿ ಇತ್ತು” ಎಂದರು. ಊರೆಲ್ಲ ಹೊಗಳಿದ ಕಥೆಗಳಿಗೆ ಹೂಂ ಹೂಂ ಅನ್ನುತ್ತ ತೂಕಡಿಸಿದವರು, ಯಾರೂ ನೆನಪಿಡದ ಒಂದು ಕಥೆ ಬಂದಾಗ ಎದ್ದು ಕೂತರು. ಅದರಲ್ಲಿ ಸಿರವಾರದ ಅಕ್ಕಿ ವ್ಯಾಪಾರಿಯ ಮನೆಗೆ ಒಬ್ಬ ಬಡ ನೆಂಟ ಮದುವೆ ಕರೆಯಲು ಬರುತ್ತಾನೆ. ಎರಡು ಸಾಲು ಅಷ್ಟೆ, ಬಂದ, ಹೋದ.

“ಇವನ್ನ ಕಂಡ್ರ ನನಗ ಜೀವ” ಎಂದರು.

“ಇವಗ ಮಾತ ಇಲ್ಲಲ್ರಿ! ಯಾಕ ಅಷ್ಟು ಪ್ರೀತಿ?”

“ಅದಕ್ಕ. ಅಷ್ಟು ದೂರದಿಂದ ಬಂದಾನ, ಅವಗ ಕುಂದ್ರು ಅಂತ ಯಾರೂ ಅನ್ನಲಿಲ್ಲ. ನಾ ಸೈತ ಅನ್ನಲಿಲ್ಲ ನೋಡು. ಅವಸರದಾಗ ಬರದು ಕಳಿಸಿಬಿಟ್ಟೆ. ಪುಸ್ತಕದಾಗ ಇನ್ನೂ ನಿಂತ ಅದಾನ.” ಆ ಕಥೆ ಆಯ್ಕೆಯಾಯಿತು. ಈ ಸಲ ಒಂದು ಸಾಲು ಸೇರಿಸಿ ಅವನನ್ನು ಕೂರಿಸಿ ಚಹಾ ಕೊಡಿಸಿದರು. ಆ ದಿನದಿಂದ ಸುಮ್ಮನೆ ಓದುವುದನ್ನು ಬಿಟ್ಟು ನಾನೂ ಕೇಳುತ್ತ ಓದಿದೆ.

ಎಲ್ಲ ಮುಗಿಯಿತು ಅಂದಾಗ ಅಕ್ಕೋರು, “ಎಲ್ಲಾರಕಿಂತ ನನಗ ಬೇಕಾದಾಕಿ ಇದರಾಗ ಇಲ್ಲ. ಆಕಿನ್ನ ನಾ ಬರದೇ ಇಲ್ಲ” ಎಂದರು.

ಬರೆದಿರಲಿಲ್ಲ, ಆದರೆ ಕಥೆ ಪೂರ್ತಿ ಬಾಯಲ್ಲಿತ್ತು. ಹೇಳಿದರು. ಒಂದು ತಡವರಿಕೆ ಇಲ್ಲ, ಒಂದು ಮಾತು ಹೆಚ್ಚಿಲ್ಲ. ದೇವದುರ್ಗದಂಥ ಊರಿನಲ್ಲಿ, ಬಟ್ಟೆ ಅಂಗಡಿಯವರ ತುಂಬಿದ ಮನೆಯಲ್ಲಿ ಒಬ್ಬ ಸೊಸೆ. ಹೊಡೆಯುವವರಿಲ್ಲ, ಬೈಯುವವರಿಲ್ಲ. ಅವಳನ್ನು ಮಾತಾಡಿಸುವವರೇ ಇಲ್ಲ. ಒಂದು ದಿನ ಬೆಳಿಗ್ಗೆ ಎಲ್ಲರಿಗೂ ರೊಟ್ಟಿ ಮಾಡಿಟ್ಟು, ಚೀಲದಲ್ಲಿ ಎರಡು ಜೊತೆ ಬಟ್ಟೆ ಹಾಕಿಕೊಂಡು, ಬಸ್ಸು ಹತ್ತಿ ರಾಯಚೂರು ಸ್ಟೇಷನ್ನಿಗೆ ಬರುತ್ತಾಳೆ. ಮುಂಬೈಗೆ ಟಿಕೆಟ್ ತೆಗೆಸುತ್ತಾಳೆ, ಅಲ್ಲಿ ಅವಳಿಗೆ ಯಾರೂ ಇಲ್ಲ. ಗಾಡಿ ಬರುತ್ತದೆ, ಹೋಗುತ್ತದೆ. ಇನ್ನೊಂದು ಬರುತ್ತದೆ, ಅದೂ ಹೋಗುತ್ತದೆ. ಅವಳು ಬೆಂಚಿನ ಮೇಲೆ ಚೀಲ ಹಿಡಿದು ಕೂತೇ ಇರುತ್ತಾಳೆ. ಸಂಜೆಯ ಬಸ್ಸಿಗೆ ವಾಪಸ್ ಬಂದು, ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂರುತ್ತಾಳೆ. ಎಲ್ಲರೂ ಉಂಡು ಏಳುತ್ತಾರೆ. ದಿನವಿಡೀ ಎಲ್ಲಿ ಹೋಗಿದ್ದೆ ಎಂದು ಅವಳನ್ನು ಯಾರೂ ಕೇಳುವುದಿಲ್ಲ. ಕಥೆ ಮುಗಿಯಿತು.

ನಾನು ಎದ್ದುಹೋಗಿ ಅಡುಗೆಮನೆಯಲ್ಲಿ ನೀರು ಕುಡಿದು ಬಂದೆ. ಇಷ್ಟು ವರ್ಷ ಇದನ್ನು ಯಾಕೆ ಇಟ್ಟುಕೊಂಡಿರಿ ಎಂದು ಜಗಳಕ್ಕೇ ನಿಂತೆ. ಅದು ಅವರ ದೇವದುರ್ಗದ ನೆರೆಮನೆಯಾಕೆಯ ಬದುಕು. ನಾವೆಲ್ಲ ಆಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆವು. ಸ್ಟೇಷನ್ನಿನಿಂದ ಮರಳಿದ ಮರುದಿನ ಗೋಡೆಯಾಚೆಯಿಂದ ಅಕ್ಕೋರಿಗೆ ಮಾತ್ರ ಖಾಲಾ ಅದನ್ನು ಹೇಳಿದ್ದರು, ಮತ್ತೆಂದೂ ಆ ಮಾತು ತೆಗೆದಿರಲಿಲ್ಲ. ಕೇಳಿಸಿ ಕೊಡಲು ಅಕ್ಕೋರಿಗೆ ಧೈರ್ಯ ಬಂದಿರಲಿಲ್ಲ. ಬೇಡ ಅಂದರೆ ಸುಡಬೇಕಾಗುತ್ತದಲ್ಲ.

“ಹೆಸರು ಬದಲ್ ಮಾಡ್ರಿ, ಊರು ಬದಲ್ ಮಾಡ್ರಿ, ಯಾರಿಗೆ ತಿಳೀತದ?” ಅಂದೆ.

“ಆಕಿಗೆ ತಿಳೀತದಲ್ಲ” ಎಂದರು. ಆಮೇಲೆ, “ಇದೊಂದು ಹೊರಗ ಬೀಳಲಿಲ್ಲಂದ್ರ ನಾ ಏನೂ ಬರದಂಗಲ್ಲವಾ. ಡಾಕ್ಟರು ಏನಂದ್ರು ನಿನಗೂ ಗೊತ್ತದ. ಮಾನ್ವಿಗೆ ಹೋಗೂಣು ನಡಿ” ಎಂದರು. ಕಣ್ಣಿನ ಜೊತೆ ಮೂತ್ರಪಿಂಡವೂ ಕೈಕೊಡುತ್ತಿದೆ ಎಂದು ಡಾಕ್ಟರು ಹೇಳಿದ್ದು ನನ್ನ ಎದುರಿಗೇ.

ಖಾಲಾರ ಗಂಡ ತೀರಿಕೊಂಡ ಮೇಲೆ ಅವರು ಮಾನ್ವಿಯಲ್ಲಿ ಮಗಳ ಮನೆಯಲ್ಲಿದ್ದರು. ಬಸ್ಸು ಹತ್ತಿ ಹೋದೆವು. ಮಾರ್ಕೆಟ್ಟಿನ ಹಿಂದಿನ ಮನೆ, ಬಾಗಿಲಲ್ಲೇ ಖಾಲಾ. ದಪ್ಪ ಮೈ, ಬಾಯ್ತುಂಬ ನಗು. “ಅರೆ ಬರ್ರಿ ಬರ್ರಿ! ಕಣ್ಣು ಕಾಣವಲ್ವಂತ? ಛಲೋ ಆತು ಬಿಡು, ನಾ ಮುದುಕಿ ಆಗೀನಿ, ನೋಡಬ್ಯಾಡ” ಎಂದು ಅಪ್ಪಿಕೊಂಡರು. ಮಂಡಾಳ ವಗ್ಗರಣಿ, ಮೆಣಸಿನಕಾಯಿ ಬಜಿ, ಚಹಾ ಎಲ್ಲ ಆಯಿತು. ಅಕ್ಕೋರು ಒಂದೂ ತಿನ್ನಲಿಲ್ಲ. ಖಾಲಾ ಅದನ್ನು ಗಮನಿಸಿ, ಮಗಳನ್ನು ಏನೋ ನೆಪ ಹೇಳಿ ಅಂಗಡಿಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. “ಹೇಳು, ಏನ್ ತಂದೀ?”

ಅಕ್ಕೋರು ಹೇಳಿದರು. ಅದೇ ಮಾತು, ಅದೇ ದನಿ, ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುವಷ್ಟು. ಖಾಲಾ ಅಲ್ಲಾಡದೆ ಕೇಳಿದರು. ಸ್ಟೇಷನ್ನು ಬಂದಾಗ ಕೈಲಿದ್ದ ಚಹಾದ ಬಸಿಯನ್ನು ನೆಲಕ್ಕಿಟ್ಟರು. ರೊಟ್ಟಿ ಬಡಿಯುವುದು ಬಂದಾಗ ಕಣ್ಣು ಒರೆಸಿಕೊಂಡರು. ಕಥೆ ಮುಗಿಯಿತು. ಹೂಂ ಅನ್ನಲಿ ದೇವರೇ ಎಂದು, ಕಥೆ ಬೇಡದ ನಾನು, ಇದ್ದಬದ್ದ ದೇವರಿಗೆಲ್ಲ ಬೇಡಿಕೊಂಡೆ.

“ಬರೋಬ್ಬರಿ ಅದ” ಎಂದರು ಖಾಲಾ. “ಒಂದೂ ಸುಳ್ಳಿಲ್ಲ. ಆದ್ರ ಆಕಿ ಯಾಕ ವಾಪಸ್ ಬಂದ್ಲು?”

ಅಕ್ಕೋರು ಗಲಿಬಿಲಿಗೊಂಡರು. “ನೀ ವಾಪಸ್ ಬಂದಿದ್ದಿ ಅಲ್ಲ…”

“ನಾ ಬಂದೆ. ನನಗ ತೊಟ್ಟಿಲದಾಗ ಕೂಸಿತ್ತು. ಆಕಿಗೇನಾಗಿತ್ತು? ಆಕಿ ನಿನ್ನ ಕೈಯಾಗ ಇದ್ಲಲ್ಲ!” ಖಾಲಾರ ದನಿ ಏರಿತು. “ಅಲ್ಲಾನ ಆಣೆ, ನಿನ್ನ ಕೈಯಾಗ ಇದ್ಲು. ಗಾಡಿ ಬಂದು ನಿಂತಿತ್ತು, ಟಿಕೇಟ್ ಸೈತ ಇತ್ತು. ನೀ ಒಂದು ಸಾಲು ಸೇರಿಸಿದ್ರ ಹೋಗಿಬಿಡ್ತಿದ್ಲು. ನೀನೂ ರೊಟ್ಟಿ ಬಡಿಯಾಕ ಕಳಿಸಿದೆಲ್ಲ!”

ಅಕ್ಕೋರು ಕೈ ಚಾಚಿ ಖಾಲಾರ ಕೈ ಹುಡುಕಿದರು.

“ಪುಸ್ತಕದಾಗ ಛಾಪಸು. ನನ್ನ ಹೆಸರು ಬ್ಯಾಡ. ಆಕಿನ್ನ ಗಾಡಿ ಹತ್ತಸು, ಆಮ್ಯಾಲ ಛಾಪಸು. ವಾಪಸ್ ಬರೂದಿದ್ರ ಬ್ಯಾಡ” ಎಂದು ಖಾಲಾ ಚಹಾದ ಬಸಿ ಎತ್ತಿಕೊಂಡು ಒಳಗೆ ಹೋದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕೋರು ಒಂದೇ ಮಾತಾಡಿದರು. “ಹತ್ತಿಸಿದ್ರ ಕಥಿ ಸಾಯ್ತದ.” ನನಗೆ ರೇಗಿತು. “ಸತ್ರ ಸಾಯ್ಲಿ ಬಿಡ್ರಿ, ಹೆಂಗೂ ಹುಟ್ಟೇ ಇಲ್ಲಲ್ಲ” ಅಂದೆ. ಅಂದ ಮೇಲೆ ಮನಸ್ಸಿಗೆ ಕೆಡುಕೆನಿಸಿ ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಮುಂದೆ ಡಯಾಲಿಸಿಸ್ಸು, ಆಸ್ಪತ್ರೆಯ ಓಡಾಟ. ಪ್ರಕಾಶಕರು ಫೋನು ಮಾಡಿದಾಗಲೆಲ್ಲ “ಇನ್ನೊಂದು ಬರೂದದ, ತಡೀರಿ” ಅನ್ನುತ್ತಿದ್ದರು. ಆ ಇನ್ನೊಂದು ಬರುತ್ತದೆಯೋ ಇಲ್ಲವೋ ಎಂದು ನನಗೆ ನಿದ್ದೆಯಿಲ್ಲ. ಇತ್ತ ಅವರ ಹಟ ನನಗೆ ಗೊತ್ತು, ಅತ್ತ ಖಾಲಾರ ಮಾತು ಕಿವಿಯಲ್ಲೇ ಇದೆ. ಒಂದು ಮುಂಜಾನೆ ಕರೆ ಕಳಿಸಿದರು. ಹೋದಾಗ ದಿಂಬಿಗೆ ಒರಗಿ ಕೂತಿದ್ದರು, ತಲೆ ಬಾಚಿಕೊಂಡಿದ್ದರು.

“ಪೆನ್ನು ಹಿಡಿ” ಎಂದರು. “ಇಷ್ಟು ವರ್ಷ ಮನಸಿನ್ಯಾಗ ದಿನಾ ಈ ಕಥಿ ಹೇಳಿಕೊಂಡೀನಿ. ದಿನಾ ಸಂಜಿಮುಂದ ಆಕಿನ್ನ ಕೈ ಹಿಡದು ಕರಕೊಂಡು ಬಂದು ಒಲಿ ಮುಂದ ಕುಂದ್ರಿಸಿದಾಕಿ ನಾನಽ. ಆಕಿ ಗಂಡ ಅಲ್ಲ, ಅತ್ತಿ ಅಲ್ಲ, ನಾನು. ಎಂಥಾ ಪಾಪಿ ನಾನು!” ಎಂದು ಅತ್ತರು. ನಾನೂ ಅತ್ತುಬಿಟ್ಟೆ. ಆಮೇಲೆ ಮೂಗು ಒರೆಸಿಕೊಂಡು ಬರೆದುಕೊಂಡೆ.

ಸ್ಟೇಷನ್ನಿನ ತನಕ ಒಂದೇ ಉಸಿರಿಗೆ ಬರೆಸಿದರು. ಗಾಡಿ ಬಂದು ನಿಂತಿತು. ಅಲ್ಲಿ ಅಕ್ಕೋರೂ ನಿಂತರು. ಆಯುಷ್ಯವೆಲ್ಲ ಕಥೆ ಬರೆದವರು ನನ್ನ ಕಡೆ ಮುಖ ಮಾಡಿ, ಹುಡುಗಿಯ ಹಾಗೆ ಕೇಳಿದರು: “ಹೆಣ್ಮಗಳೊಬ್ಬಾಕಿ ಗಾಡಿ ಹತ್ತಿದ ಮ್ಯಾಲ ಮೊದಲ ಏನ್ ಮಾಡ್ತಾಳ? ನನಗ ಗೊತ್ತಾಗವಲ್ದು. ನಾ ಯಾವತ್ತೂ ಯಾರನ್ನೂ ಹತ್ತಿಸಿಲ್ಲ.”

“ಚೀಲ ತೊಡಿ ಮ್ಯಾಲ ಇಟಕೊಂಡು ಟಿಕೇಟ್ ಅದನೋ ಇಲ್ಲೋ ನೋಡಕೋತಾಳ್ರಿ” ಅಂದೆ.

“ಬರಿ ಹಂಗಂತ” ಎಂದರು. ಬರೆದೆ. ಅವಳು ಟಿಕೆಟ್ ನೋಡಿಕೊಂಡಳು, ಗಾಡಿ ಹೊರಟಿತು, ಅವಳು ಇಳಿಯಲಿಲ್ಲ. ಅಷ್ಟೇ ಹೊಸ ಕೊನೆ. ಬರೆಸಿ ಮುಗಿಸಿ, ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡರು.

ಪುಸ್ತಕ ಬಂದಾಗ ಅವರು ಹಾಸಿಗೆ ಹಿಡಿದಿದ್ದರು. ಆ ಕಥೆಯ ಪುಟ ತೆಗೆಸಿ ಅದರ ಮೇಲೆ ಅಂಗೈ ಇಟ್ಟುಕೊಂಡು ಮಲಗಿದರು. ಪತ್ರಿಕೆಯೊಂದರಲ್ಲಿ ವಿಮರ್ಶೆ ಬಂತು, ಕೊನೆಯ ಕಥೆಯ ಮುಕ್ತಾಯ ಸಡಿಲವಾಗಿದೆ, ಲೇಖಕಿಯ ಎಂದಿನ ಬಿಗಿ ಇಲ್ಲ ಎಂದು. ಓದಿ ಹೇಳಲೋ ಬೇಡವೋ ಎಂದು ಹಿಂದೆಮುಂದೆ ನೋಡಿ ಓದಿದೆ. “ಖರೇ ಬರದಾನ” ಎಂದರು, ನಕ್ಕರು. “ನಿಮ್ಮ ಕಥಿಯೊಳಗಿನ ಎಲ್ಲಾ ಮಂದ್ಯಾಗ ಯಾರು ಇಷ್ಟ ಅಂತ ಈಗ ಕೇಳಿದ್ರ?” ಅಂದೆ. “ಆಕಿನಽ. ಮತ್ಯಾರು? ಉಳದವರೆಲ್ಲಾ ನಾ ಕುಂದ್ರಿಸಿದಲ್ಲಿ ಕುಂತಾರ” ಎಂದರು. ಹದಿನೈದು ದಿನಕ್ಕೆ ಹೋದರು.

ಸಭೆ, ಭಾಷಣ, ಹಾರ ಎಲ್ಲ ಮುಗಿದ ಮೇಲೆ ನಾನೊಬ್ಬಳೇ ಪುಸ್ತಕ ತೆಗೆದುಕೊಂಡು ಮಾನ್ವಿಗೆ ಹೋದೆ. ಖಾಲಾರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮಗಳು ಮನೆಯಲ್ಲಿರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಅಕ್ಕೋರನ್ನು ನೆನೆದು ಅತ್ತೆವು. ಆಮೇಲೆ ಖಾಲಾ ಸೆರಗು ಸರಿಮಾಡಿಕೊಂಡು, “ಓದು” ಎಂದರು. ಓದಿದೆ. ಅವಳು ಗಾಡಿ ಹತ್ತಿದಳು, ಚೀಲ ತೊಡೆಯ ಮೇಲಿಟ್ಟುಕೊಂಡಳು, ಟಿಕೆಟ್ ನೋಡಿಕೊಂಡಳು, ಗಾಡಿ ಹೊರಟಿತು, ಅವಳು ಇಳಿಯಲಿಲ್ಲ.

ಖಾಲಾ ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಮೆಲ್ಲಗೆ, ನಾಚಿಕೊಂಡವರ ಹಾಗೆ ಕೇಳಿದರು: “ಕಿಡಕಿ ಕಡೀ ಸೀಟು ಸಿಕ್ತೇನು ಆಕಿಗೆ?”

ಅಕ್ಕೋರು ಅದನ್ನು ಬರೆಸಿರಲಿಲ್ಲ. ಪುಟದಲ್ಲಿ ಮುಂದೆ ಬರೀ ಬಿಳಿ ಜಾಗವಿತ್ತು. ಜನ್ಮದಲ್ಲಿ ಒಂದು ಕಥೆ ಕಟ್ಟಿದವಳಲ್ಲ ನಾನು. ಆ ಬಿಳಿಯ ಮೇಲೆ ಬೆರಳಿಟ್ಟುಕೊಂಡು, ಅಕ್ಷರ ಕೂಡಿಸಿ ಓದುವವಳ ಹಾಗೆ ಓದಿದೆ: “ಅವಳಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಕೃಷ್ಣಾ ನದಿಯ ಸೇತುವೆ ದಾಟುವ ತನಕ ಅವಳು ಹೊರಗೇ ನೋಡುತ್ತ ಕೂತಿದ್ದಳು.”

ಖಾಲಾ ಕಣ್ಣು ಮುಚ್ಚಿ ಗೋಡೆಗೆ ಒರಗಿದರು.

“ಅದನ್ನ ಇನ್ನೊಮ್ಮೆ ಓದು” ಎಂದರು.

ನಾನು ಇನ್ನೊಮ್ಮೆ ಓದಿದೆ.